ಉಣ್ಣದೆ ಹೋದ ಚಿಟ್ಟೆಗಳು

ನಮ್ಮ ಮನೆಯ ಹಲ್ಲಿಗೆ ಕಲೆಯಲ್ಲಿ ನನಗಿಂತ ಹೆಚ್ಚು ಆಸಕ್ತಿ. ನಡುಮನೆಯ ಗೋಡೆಗೆ ನಾನು ತೂಗುಹಾಕಿದ ಚಿತ್ರದ ಬಳಿಗೆ ಅದು ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಗಾಜಿಗೆ ಮೂತಿ ಒತ್ತಿ ನೋಡಿ, ಒಂದು ಸಲ ನಾಲಿಗೆ ಚಾಚಿ, ಏನೂ ಸಿಗದೆ ಟ್ಯೂಬ್‌ಲೈಟಿನ ಕಡೆಗೆ ಹೊರಟುಬಿಡುತ್ತಿತ್ತು. ಆ ಚಿತ್ರವನ್ನು ಅಷ್ಟು ಹತ್ತಿರದಿಂದ ನೋಡಿದವರು ಇಬ್ಬರೇ. ಒಂದು ಆ ಹಲ್ಲಿ, ಇನ್ನೊಬ್ಬರು ನಮ್ಮ ದೊಡ್ಡಮ್ಮ.

ಚಿತ್ರ ರೇಷ್ಮೆಹುಳುವಿನದು. ಹಿಂದಿನ ಕಾಲದ ಯಾವನೋ ಬಿಳಿ ದೊರೆ ಭೂತಗನ್ನಡಿ ಹಿಡಿದು ಬರೆದು, ಕೈಯಿಂದಲೇ ಬಣ್ಣ ತುಂಬಿದ ಹಾಳೆಯ ನಕಲು. ಮೈಸೂರಿನ ಒಂದು ಪ್ರದರ್ಶನದಲ್ಲಿ ಕೊಂಡು ತಂದು ಕಟ್ಟು ಹಾಕಿಸಿದ್ದೆ. ಒಂದೇ ಹಿಪ್ಪುನೇರಳೆ ಕಡ್ಡಿಯ ಮೇಲೆ ಮೊಟ್ಟೆ, ಮರಿ, ಕೊಬ್ಬಿದ ಹುಳು, ಗೂಡು, ಬಿಳಿ ಚಿಟ್ಟೆ ಎಲ್ಲ ಒಟ್ಟಿಗೆ ಇವೆ. ಒಬ್ಬನೇ ಮನುಷ್ಯ ತೊಟ್ಟಿಲಲ್ಲೂ ಶಾಲೆಯಲ್ಲೂ ಹಸೆಮಣೆಯ ಮೇಲೂ ಏಕಕಾಲಕ್ಕೆ ಕೂತು ತೆಗೆಸಿಕೊಂಡ ಗ್ರೂಪ್ ಫೋಟೋ ಅನ್ನಿ. ಕೆಳಗಿರುವ ಲ್ಯಾಟಿನ್ ಹೆಸರನ್ನು ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನನ್ನ ಉಚ್ಚಾರಣೆ ತಪ್ಪೆನ್ನುವವರು ಮಂಡ್ಯದಲ್ಲಿ ಯಾರೂ ಸಿಗಲಿಲ್ಲ.

ಮದ್ದೂರಿನಿಂದ ಬಂದ ಹಳೆಯ ಸ್ನೇಹಿತನೊಬ್ಬ ಮಾತ್ರ ಕಾಫಿ ಲೋಟ ಹಿಡಿದು ದೂರದಲ್ಲೇ ನಿಂತ. "ಉಳಕ್ಕೆ ಕಟ್ಟಾಕ್ಸಿ ನೇತಾಕಿದ್ದೀಯಲ್ಲ, ನಿಂಗೇನ್ಲಾ ಬಂದದೆ? ನಮ್ಮ ಕಬ್ಬಿಗೆ ಬಿದ್ದಿರೋ ಉಳಾನೂ ಕಳುಸ್ತೀನಿ, ಅದ್ರ ಪಟಾನೂ ಬರುಸ್ಬುಡು," ಎಂದ. ಕಲೆ ಬೇರೆ, ಕಬ್ಬು ಬೇರೆ ಎಂದು ನಾನು ವಿವರಿಸಲು ಹೊರಟೆ. ಅವನು ಬಸ್ಸು ತಪ್ಪುತ್ತದೆಂದು ಎದ್ದ.

ನಿಜ ಹೇಳಬೇಕೆಂದರೆ ಹುಳುವಿನ ಮುಂದೆ ಕೈಕಟ್ಟಿ ನಿಲ್ಲುವುದು ನನಗೆ ಹೊಸದಲ್ಲ. ಬೆಳಕವಾಡಿಯ ಹತ್ತಿರದ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ರಜೆ ಕಳೆದವನು ನಾನು. ಅಲ್ಲಿ ಒಳಮನೆಯೆಲ್ಲ ಹುಳುಗಳಿಗೆ, ಜಗಲಿ ಮನುಷ್ಯರಿಗೆ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳುವಿಗೆ ಹೊಗೆ, ಘಾಟು ಆಗದು. ಅಂಥ ನಾಲ್ಕು ಜ್ವರ ದಾಟಿ ಗೂಡು ಕಟ್ಟುವತನಕ ಆ ಮನೆಯಲ್ಲಿ ಯಾವ ಘಾಟೂ ಏಳುವಂತಿಲ್ಲ. ದೊಡ್ಡಪ್ಪನ ಬೀಡಿ ಕೆರೆ ಏರಿಯ ಮೇಲೆ. ದೇವರಿಗೆ ಊದುಬತ್ತಿ ಇಲ್ಲ. ನಮಗೆಲ್ಲ ಒಗ್ಗರಣೆಯಿಲ್ಲದ ಸಾರು. ಇವತ್ತಿಗೂ ಸಾಸಿವೆ ಸಿಡಿದ ಸದ್ದು ಕೇಳಿದರೆ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಚ್ಚುವ ಚಾಳಿ ನನಗೆ ಉಳಿದಿದೆ. ನನ್ನ ಹೆಂಡತಿ ಇದನ್ನು ಶಿಸ್ತು ಎಂದು ತಿಳಿದು ನೆಂಟರ ಮುಂದೆ ಹೊಗಳುತ್ತಾಳೆ.

ಸಪ್ಪೆಯೋ ಖಾರವೋ, ಹೊಸಿಲು ತುಳಿದವರು ಉಣ್ಣದೆ ಹೋಗಬಾರದು ಎನ್ನುವುದು ದೊಡ್ಡಮ್ಮನ ಹಟ. ಕರೆಂಟು ಬಿಲ್ಲು ಕೊಡಲು ಬಂದವನಿಗೂ ಮುದ್ದೆ. ಶಿವನಸಮುದ್ರಕ್ಕೆ ದಾರಿ ಕೇಳಿದ ಪ್ಯಾಂಟಿನವರನ್ನೂ ಬಿಡುತ್ತಿರಲಿಲ್ಲ: "ಫಾಲ್ಸು ಎಲ್ಲಿಗೂ ಓಗಕ್ಕಿಲ್ಲ, ಉಂಡ್ಕಂಡ್ ಓಗಿ." ಆಕೆಗಿದ್ದ ಹೆಮ್ಮೆ ಅದೊಂದೇ.

ಆ ಹೆಮ್ಮೆಗೆ ಒಂದು ವರ್ಷ ಪೆಟ್ಟು ಬಿತ್ತು. ಮಾರುಕಟ್ಟೆಯಲ್ಲಿ ಕೂಗಿದ ಬೆಲೆ ತನ್ನ ಮರ್ಯಾದೆಗೆ ಕಡಿಮೆಯಾಯಿತೆಂದು ದೊಡ್ಡಪ್ಪ ಗೂಡನ್ನೆಲ್ಲ ವಾಪಸು ಹೊತ್ತುತಂದು, ನಡುಮನೆಯಲ್ಲಿ ಹರಡಿ, ಬೆಲೆ ಏರಲೆಂದು ಕಾದ. ರೇಷ್ಮೆ ಬೆಳೆಯುವವರು ಸಾಮಾನ್ಯವಾಗಿ ಚಿಟ್ಟೆಯ ಮುಖ ನೋಡುವುದಿಲ್ಲ. ಗೂಡು ಬೇಗ ಮಾರಿಹೋಗಿ, ಒಳಗಿನದು ಬಿಸಿನೀರಿನಲ್ಲಿ ಬೆಂದು, ನೂಲು ಹೊರಗೆ ಬರುತ್ತದೆ. ಚಿಟ್ಟೆ ಹೊರಬಿದ್ದರೆ ಗೂಡು ತೂತು, ಬೆಳೆ ಹಾಳು. ದೊಡ್ಡಪ್ಪನ ಮರ್ಯಾದೆ ಕಾಯುತ್ತಿದ್ದಾಗ ಒಂದು ಬೆಳಗ್ಗೆ ನಡುಮನೆ ತುಂಬ ಬಿಳಿ ಚಿಟ್ಟೆಗಳು ಎದ್ದವು. ಹಾರಲು ಬಾರದು, ರೆಕ್ಕೆ ಮಾತ್ರ ಪಟಪಟ ಬಡಿದವು. ಸ್ವಲ್ಪ ಹೊತ್ತಿಗೆ ಜೋಡಿಗಳಾದವು. ನಮ್ಮನ್ನು ಹೊರಗೆ ಆಡಿಕೊಳ್ಳಲು ಕಳಿಸಿದರು.

ದೊಡ್ಡಪ್ಪ ಬೆಲೆ ಕೂಗಿದವನ ವಂಶವನ್ನು ಬೈಯುತ್ತಿದ್ದ. ದೊಡ್ಡಮ್ಮನ ಚಿಂತೆಯೇ ಬೇರೆ. "ಅಷ್ಟು ದಿನ ಗೂಡೊಳಗೆ ಕುಂತಿದ್ವು, ಅಸ್ಕಂಡವೆ ಕಣ್ಲಾ," ಎಂದು ನನ್ನ ಕೈಯಲ್ಲಿ ಎಳೆ ಹಿಪ್ಪುನೇರಳೆ ಸೊಪ್ಪು ಕೊಯ್ಯಿಸಿ ಹರಡಿದಳು. ಚಿಟ್ಟೆಗಳು ಅದನ್ನು ತುಳಿದುಕೊಂಡು ಓಡಾಡಿದವು. ಸಕ್ಕರೆ ನೀರು ಇಟ್ಟಳು. ಒಂದು ಅದರಲ್ಲಿ ಬಿತ್ತು.

"ಅವುಕ್ಕೆ ತಿನ್ನೋ ಬಾಯೇ ಇಲ್ವಂತೆ ಕಣಮ್ಮಿ," ಎಂದ ದೊಡ್ಡಪ್ಪ.

"ಬಾಯಿಲ್ದೆ ಯಾವ್ ಜೀವ ಉಟ್ತದೆ? ಸುಮ್ಕಿರಿ."

ಕೊನೆಗೆ, ನಂಬಿದರೆ ನಂಬಿ, ಆಕೆ ಒಲೆ ಹಚ್ಚಿ ಒಗ್ಗರಣೆ ಹಾಕಿದಳು. ಘಮಕ್ಕಾದರೂ ಬಾಯಿ ಬಿಟ್ಟಾವು ಎಂಬ ಆಸೆ. ನಾವು ಮಕ್ಕಳು ಬಾಯಿ ಬಿಟ್ಟೆವು. ಚಿಟ್ಟೆಗಳು ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಒಂದೊಂದಾಗಿ ಸತ್ತವು. "ನಮ್ಮನೇಲೇ ಉಟ್ಟಿ ಒಂದ್ ತುತ್ತು ತಿನ್ದೆ ಓದ್ವಲ್ಲ," ಎಂದು ದೊಡ್ಡಮ್ಮ ಅತ್ತಳು. ಬಿಸಿನೀರಿಗೆ ಬಿದ್ದ ಲಕ್ಷಾಂತರ ಹುಳುಗಳ ಬಗ್ಗೆ ಆಕೆ ಎಂದೂ ಮರುಗಿದ್ದಿಲ್ಲ. ಅವು ಹೊಟ್ಟೆತುಂಬ ಉಂಡು ಹೋದವು, ಲೆಕ್ಕ ಚುಕ್ತಾ. ಆಮೇಲೆ ಯಾರಾದರೂ ಎರಡನೆಯ ಮುದ್ದೆ ಬೇಡವೆಂದರೆ, "ಬಿಳೀ ಚಿಟ್ಟೆ ಆಗ್ಬ್ಯಾಡ, ಉಣ್ಣು," ಎನ್ನುವುದು ಆ ಮನೆಯ ಮಾತಾಯಿತು.

ದೊಡ್ಡಪ್ಪ ಈಗಿಲ್ಲ. ಹುಳುಗಳಿದ್ದ ಒಳಮನೆಯಲ್ಲಿ ಗೊಬ್ಬರದ ಚೀಲಗಳಿವೆ. ಹೋದ ತಿಂಗಳು ಕಣ್ಣಿನ ಆಪರೇಷನ್‌ಗೆಂದು ದೊಡ್ಡಮ್ಮ ಮಂಡ್ಯಕ್ಕೆ ಬಂದು ನಮ್ಮಲ್ಲೇ ಉಳಿದಳು. ಪಟ್ಟಿ ಬಿಚ್ಚಿದ ಮೇಲೆ ಹೊಸ ಕಣ್ಣಿನಲ್ಲಿ ಮನೆಯನ್ನೆಲ್ಲ ತಪಾಸಣೆ ಮಾಡುತ್ತ ಚಿತ್ರದ ಮುಂದೆ ನಿಂತಳು. ನಾನು ಲ್ಯಾಟಿನ್ ಹೆಸರಿಗೆ ಗಂಟಲು ಸರಿಮಾಡಿಕೊಂಡೆ. ಆಕೆ ಹಲ್ಲಿಯಂತೆಯೇ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು.

"ಯಾರ್ಲಾ ಇದ್ನ ಬರ್ದೋನು?"

"ಯಾವ್ನೋ ದೊರೆ ದೊಡ್ಡಮ್ಮ. ಸತ್ತು ಸುಮಾರು ಕಾಲ ಆಯ್ತು."

"ಅವ್ನ ಮನೇಲಿ ತಿಂದದೆ ನೋಡು."

ನೋಡಿದೆ. ಬಿಳಿ ಚಿಟ್ಟೆ ಎಲೆಯ ಅಂಚಿನಲ್ಲಿ ಕೂತಿದೆ. ಅದರ ಮುಂದೆಯೇ ಎಲೆ ಅರ್ಧಚಂದ್ರದ ಹಾಗೆ ಕತ್ತರಿಸಿಹೋಗಿದೆ. ಕಚ್ಚಿದ್ದು ಎಲೆಯ ಕೆಳಗಿರುವ ಹುಳು. ಇಷ್ಟು ದಿನ ಬಂದವರಿಗೆಲ್ಲ ಪಾಠ ಹೇಳಿದ ನನಗೆ ಇದೊಂದು ಹೇಳಲು ನಾಲಿಗೆ ಏಳಲಿಲ್ಲ.

"ನಾನೇನ್ ಕಮ್ಮಿ ಮಾಡಿದ್ದೆ ಅಂತ ನಮ್ಮನೇಲಿ ತಿನ್ಲಿಲ್ಲ," ಎಂದಳು. ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ಸೆರಗಿನಿಂದ ಮೆಲ್ಲಗೆ ಒತ್ತಿಕೊಂಡಳು. "ಓಗ್ಲಿ ಬುಡು. ಎಲ್ಲೋ ಒಂದ್ಕಡೆ ತಿಂತಲ್ಲ. ಇದ್ನ ಉಣ್ಣೋ ಜಾಗದಲ್ಲಿ ಆಕು ಮಗಾ."

ಈಗ ಚಿತ್ರ ಊಟದ ಮೇಜಿನ ಎದುರಿಗಿದೆ, ಹಲ್ಲಿಯೂ ಅಲ್ಲಿಗೇ ವರ್ಗವಾಗಿದೆ. ಬಂದವರಿಗೆ ಲ್ಯಾಟಿನ್ ಓದುವುದನ್ನು ನಿಲ್ಲಿಸಿದ್ದೇನೆ. ಮೊನ್ನೆ ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕಿದಾಗ ಅಭ್ಯಾಸದಂತೆ ಎದ್ದು ಅಡುಗೆಮನೆಯ ಬಾಗಿಲ ಮೇಲೆ ಕೈಯಿಟ್ಟೆ. ತಿರುಗಿ ಒಮ್ಮೆ ಚಿತ್ರ ನೋಡಿದೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತೆ.