ಧೊಂಡಿಬಾನಿಗೆ ನಿಂತ ನೆಲ ಸರಿಬರುವುದಿಲ್ಲ

ಎಕಂಬಾದ ಕುರಿಗಾರ ಧೊಂಡಿಬಾನಿಗೆ ತಾನು ನಿಂತ ರಾಜ್ಯ ಎಂದೂ ಸರಿಬಂದದ್ದಿಲ್ಲ. ಔರಾದ ಬಸ್ ನಿಲ್ದಾಣದಲ್ಲಿ ಚಹಾ ಹೀರುತ್ತ ಮಹಾರಾಷ್ಟ್ರದ ರಸ್ತೆಗಳು ಎಷ್ಟು ನುಣುಪು ಎಂದು ಕೊರೆಯುತ್ತಾನೆ. ಗಡಿ ದಾಟಿ ದೇಗಲೂರಿನ ಕಡೆ ಹೋದನೋ, ಅದೇ ಬಾಯಿ ತಿರುಗುತ್ತದೆ. ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಮನೆಯೊಡತಿಗೆ ತಿಂಗಳು ತಿಂಗಳು ದುಡ್ಡು, ನೀವೇನು ಕಂಡಿದ್ದೀರಿ ಎಂದು ಅಲ್ಲಿಯವರ ತಲೆ ತಿನ್ನುತ್ತಾನೆ. ನಾನು ಹಬೀಬ, ಔರಾದದಲ್ಲಿ ಜೀಪು ಓಡಿಸುವವನು. ಇಪ್ಪತ್ತು ವರ್ಷದಿಂದ ಎರಡೂ ಕಡೆಯ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಅವನಿಗೆ ಎರಡೂ ಕಡೆ ಗೊತ್ತಿರುವುದು ಸುಳ್ಳಲ್ಲ. ಮಳೆಗಾಲದ ನಾಲ್ಕು ತಿಂಗಳು ಊರಲ್ಲಿದ್ದರೆ, ಉಳಿದ ಎಂಟು ತಿಂಗಳು ಗಡಿಯಾಚೆಯ ಹೊಲಗಳಲ್ಲಿ ಕುರಿ ಮಲಗಿಸುತ್ತಾನೆ. ಹೊಲಕ್ಕೆ ಗೊಬ್ಬರವಾಯಿತೆಂದು ರೈತರು ಜೋಳ ಅಳೆದು ಕೊಡುತ್ತಾರೆ.

ಪಂಚಾಯಿತಿ ಶುರುವಾದದ್ದು ಅವನ ಮಗಳ ಮದುವೆಯಿಂದ. ಆರತಿ ಔರಾದದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಭಾಲ್ಕಿಯಿಂದ ಒಂದು ಸಂಬಂಧ ಬಂತು, ಬೀದರಿನಿಂದ ಇನ್ನೊಂದು. ಯಾವ ಊರಿಗಾದರೂ ವರ್ಗ ಮಾಡಿಸಿಕೊಂಡರೆ ನೌಕರಿ ಉಳಿಯುತ್ತಿತ್ತು. ಈ ಮಹಾರಾಯ ಎರಡಕ್ಕೂ ಒಲ್ಲೆ ಅಂದ. ದೇಗಲೂರಿನ ಹತ್ತಿರದ ಹಳ್ಳಿಯ ವರನೇ ಬೇಕಂತೆ! ರಾಜ್ಯ ದಾಟಿದರೆ ನೌಕರಿಗೆ ಎಳ್ಳುನೀರು. ಆರತಿ ಅತ್ತಳು. ಅವನ ಹೆಂಡತಿ ಲಲಿತಾಬಾಯಿ ಮಾತು ಬಿಟ್ಟಳು. ನನಗೂ ಸಿಟ್ಟು ನೆತ್ತಿಗೇರಿತು. ರಸ್ತೆ ನುಣುಪಿದೆ ಎಂದು ಹೆಣ್ಣು ಕೊಡುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆದರೂ ವರನ ಮನೆ ನೋಡಲು ನಾನೂ ಧೊಂಡಿಬಾನೂ ನನ್ನ ಜೀಪಿನಲ್ಲೇ ಹೋದೆವು. ತಾಟಿನಲ್ಲಿ ಒಗ್ಗರಣೆ ಅವಲಕ್ಕಿ ಬಂತು. ಬಾಯಿ ಮುಚ್ಚಿಕೊಂಡು ತಿಂದಿದ್ದರೆ ಮುಗಿದಿತ್ತು. ಗಡಿ ದಾಟಿತ್ತಲ್ಲ, ಧೊಂಡಿಬಾನ ನಾಲಿಗೆ ತಡೆಯಲಿಲ್ಲ. ನಮ್ಮ ಬಸ್ಸು, ನಮ್ಮ ಅಕ್ಕಿ, ನಮ್ಮ ಆಸ್ಪತ್ರೆ, ಅಲ್ಲಿಯ ನರ್ಸುಗಳು ಎಂಥವರು ಎಂದು ಏರುತ್ತಲೇ ಹೋದ. ನಾನು ಎರಡು ಸಲ ತೊಡೆ ಚಿವುಟಿದೆ. ಅವನು ತೊಡೆ ಸರಿಸಿಕೊಂಡು ಮುಂದುವರಿಸಿದ.

ವರನ ತಂದೆ ಗಡಿಯ ಮನುಷ್ಯ, ಕನ್ನಡ ಚೆನ್ನಾಗಿ ಬರುತ್ತದೆ. ಎಲ್ಲ ಕೇಳಿ, ತಾಟು ಕೆಳಗಿಟ್ಟು ಮೆಲ್ಲಗೆ ಕೇಳಿದ:

“ಅಷ್ಟು ಚಲೋ ಅದ ಅಂದ್ರ, ಮಗಳಿಗಿ ಈ ಕಡಿ ಯಾಕ ಕೊಡ್ಲತ್ತೀರಿ?”

ಧೊಂಡಿಬಾ ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ.

“ವರ್ಷದಾಗ ಎಂಟು ತಿಂಗಳು ನಾ ಇಲ್ಲೇ ಇರ್ತೇನ್ರಿ. ಆಕಿ ಹುಟ್ಟಿದಾಗ ಈ ಕಡಿ ಇದ್ದೆ, ನಡೀಲಿಕ್ಕಿ ಕಲ್ತಾಗ ಈ ಕಡಿ ಇದ್ದೆ. ಇನ್ನ ಮುಂದಾದ್ರೂ, ಸಂಜಿಗಿ ಕುರಿ ಹೊಡಕೊಂಡು ಆಕಿ ಮನಿ ಮುಂದ ಹಾದು ಹೋದ್ರ, ದಿನಾ ಮಗಳ ಮಾರಿ ನೋಡ್ತೇನಿ ಅಂದ್ಕೊಂಡೆ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇಪ್ಪತ್ತು ವರ್ಷ ಜೊತೆಗಿದ್ದೂ ಇದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಇದನ್ನು ಮಗಳಿಗೆ ಹೇಳಿದ್ದೀರಾ ಎಂದು ವರನ ತಂದೆ ಕೇಳಿದ. ಇಲ್ಲವಂತೆ. ರಸ್ತೆಯ ವಿಷಯ ಮಾತ್ರ ಹೇಳಿದ್ದನಂತೆ!

ಅಲ್ಲೇ ಆರತಿಗೆ ಫೋನು ಹಚ್ಚಿಕೊಟ್ಟೆ. ಅವನಿಗೆ ಸ್ಪೀಕರಿನಲ್ಲಿ ಮಾತಾಡುವುದೊಂದೇ ಗೊತ್ತು, ಹಾಗಾಗಿ ಅಲ್ಲಿದ್ದವರೆಲ್ಲ ಕೇಳಿದೆವು. ಧೊಂಡಿಬಾ ಹೇಳಿದ್ದನ್ನೇ ಇನ್ನೊಮ್ಮೆ ತಡವರಿಸಿ ಹೇಳಿದ. ಆ ಕಡೆ ಆರತಿ ಮೂಗು ಸೀಟಿಕೊಂಡದ್ದು ಕೇಳಿಸಿತು.

“ಅಪ್ಪಾ, ನನ್ನ ನೌಕರಿ ಗಡಿ ದಾಟೂದಿಲ್ಲ. ನಿನ್ನ ಕುರಿ ದಾಟ್ತಾವ. ಅವಕ್ಕೇ ಈ ಕಡಿ ಹೊಡಕೊಂಡು ಬಾ.”

ಧೊಂಡಿಬಾ ಫೋನಿಗೆ ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸಿದ. ಅದು ಅವಳಿಗೆ ಕಾಣಬೇಕಲ್ಲ, ನಾನೇ ಬಗ್ಗಿ ಹೇಳಬೇಕಾಯಿತು:

“ಹೂಂ ಅನ್ಲತ್ತಾನ ಬೇಟಾ.”