ಮೂರು ಚಿವುಟಿನ ಕರ್ಚಿಕಾಯಿ

ಮನೆಯಲ್ಲಿ ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಕರಿಯುತ್ತಿದ್ದಾರೆ. ಒಣಕೊಬ್ಬರಿ, ಏಲಕ್ಕಿಯ ಈ ವಾಸನೆ ನನ್ನನ್ನು ಎಂಬತ್ತು ವರ್ಷ ಹಿಂದಕ್ಕೆ, ಘೋಡಗೇರಿಯ ನಮ್ಮ ಅಡುಗೆಮನೆಗೆ ಎಳೆದುಕೊಂಡು ಹೋಯಿತು.

ಹಬ್ಬಕ್ಕೆ ಅವ್ವ ನನಗೂ ತಮ್ಮ ದಾವೀದನಿಗೂ ಒಂದೊಂದು ದೊಡ್ಡ ಕರ್ಚಿಕಾಯಿ ಮಾಡುತ್ತಿದ್ದಳು. ನಾವು ಜಗಳಾಡಬಾರದೆಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದಳು. ನನ್ನದಕ್ಕೆ ಎರಡು ಚಿವುಟು, ಅವನದಕ್ಕೆ ಮೂರು.

ಆ ವರ್ಷ ಮಳೆಗಾಲದಲ್ಲಿ ಜ್ವರ ಬಂದು ದಾವೀದ ತೀರಿಕೊಂಡಿದ್ದ. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆದರೂ ಅವ್ವನ ಕೈ ರೂಢಿಯಂತೆ ಮೂರು ಚಿವುಟಿನದನ್ನೂ ಮಾಡಿಬಿಟ್ಟಿತ್ತು. ಸೋದರತ್ತೆ ಅದನ್ನು ಕಂಡು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ಹಬ್ಬದ ದಿನ ಕೂಸು ಅಳಬಾರದು" ಎಂದಳು.

ನಾನು ಆಗಲೇ ನೋಡಿದ್ದೆ. ಅಳು ನುಂಗಿಕೊಂಡು ನಿಂತಿದ್ದೆ. ಪ್ರಾರ್ಥನೆಗೆ ಚಾಪೆ ಹಾಸುತ್ತಿದ್ದ ಅಪ್ಪ ನನ್ನ ಮುಖ ನೋಡಿ ಒಳಗೆ ಬಂದ.

"ತಗೀ ಅಕ್ಕಾ ಅದನ್ನ. ಹುಡುಗಿ ನೋಡ್ಯಾಳ. ದೇವರ ಮುಂದ ಅತ್ತರ ಹಬ್ಬ ಏನೂ ಕೆಡೂದಿಲ್ಲ."

ಅಪ್ಪ ಅದನ್ನು ಮುರಿದು ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟ. ನಾನು ಅವನ ತೊಡೆಯ ಮೇಲೆ ಮುಖವಿಟ್ಟು ಸಾಕಾಗುವಷ್ಟು ಅತ್ತುಬಿಟ್ಟೆ. ಆಮೇಲೆ ಅವ್ವ ಮೆಲ್ಲಗೆ, "ಒಳಗಿನ ಹೂರಣ ಅಷ್ಟ ತಿಂದು, ಸಿಪ್ಪಿ ನಿನ್ನ ತಾಟಿನ್ಯಾಗ ಹಾಕತಿದ್ದ ಅಂವ" ಅಂದಳು. ಅವನು ಹೋದ ಮೇಲೆ ನಾವು ಮೊದಲ ಸಲ ನಕ್ಕದ್ದು ಆಗಲೇ.

ಈ ವರ್ಷ ನಮ್ಮ ಯಜಮಾನರಿಲ್ಲ. ಅವರನ್ನು ಮುತ್ಯಾ ಎಂದು ಕರೆಯುತ್ತಿದ್ದ ಮರಿಮೊಮ್ಮಗಳು ನಿನ್ನೆಯಿಂದ ಮೂಲೆ ಹಿಡಿದಿದ್ದಾಳೆ. ಅವಳನ್ನು ಹಿಟ್ಟಿನ ಪರಾತದ ಪಕ್ಕ ಕೂರಿಸಿಕೊಂಡು ಕೇಳಿದೆ:

"ಮುತ್ಯಾನ ಕರ್ಚಿಕಾಯಿಗೆ ಎಷ್ಟ ಚಿವುಟೂಣು?"

ಅವಳು ಕಣ್ಣೊರೆಸಿಕೊಂಡು ಐದು ಬೆರಳು ತೋರಿಸಿದಳು.