ತುಳು ತರಗತಿಗೆ ಇನ್ನೊಂದು ಹೆಸರು

ನೆರೆಮನೆಯ ನಿವೃತ್ತ ಮಾಸ್ಟ್ರು ಮಾತಿಗೆ ಮೊದಲು ಹೆಗಲ ಶಾಲು ಸರಿಪಡಿಸಿಕೊಳ್ಳುತ್ತಿದ್ದರು. "ತುಳು ಉಳಿಯಬೇಕು ಮಾರಾಯ್ರೆ" ಎನ್ನದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

ವಿಟ್ಲದ ನಮ್ಮ ಹೈಸ್ಕೂಲಿನಲ್ಲಿ ಮೂರನೇ ಭಾಷೆಯಾಗಿ ತುಳು ತರಗತಿ ತೆರೆಯಬೇಕೆಂದು ಮನೆಮನೆ ತಿರುಗಿ ಮಕ್ಕಳ ಹೆಸರು ಬರೆಸಿದವರೂ ಅವರೇ. ನನ್ನ ಮಗಳು ಆಸೆಯಿಂದ ಬರೆಸಿದಳು. ಕೊನೆಗೆ ತರಗತಿ ತೆರೆಯಲು ಬೇಕಾದಷ್ಟು ಮಕ್ಕಳಲ್ಲಿ ಒಂದೇ ಒಂದು ಹೆಸರು ಕಡಿಮೆ ಬಿತ್ತು.

"ನಿಮ್ಮ ಮೊಮ್ಮಗ ಇದ್ದಾನಲ್ಲ ಅಜ್ಜ?" ಎಂದಳು ಮಗಳು.

ಮಾಸ್ಟ್ರು ಶಾಲು ಸರಿಪಡಿಸಿಕೊಂಡರು. "ಅವನಿಗೆ ಸಂಸ್ಕೃತ ಮಗಾ. ಅದರಲ್ಲಿ ಮಾರ್ಕು ಒಳ್ಳೆ ಸಿಗ್ತದೆ."

ತರಗತಿ ತೆರೆಯಲಿಲ್ಲ, ಮಗಳು ಹಿಂದಿಗೆ ಸೇರಿದಳು. ಮರುತಿಂಗಳು ಪೊಳಲಿಯಲ್ಲಿ ನಡೆದ ತುಳು ಸಭೆಯಲ್ಲಿ ಮಾಸ್ಟ್ರು, ತಂದೆತಾಯಿಗಳಿಗೆ ಭಾಷಾಭಿಮಾನವಿಲ್ಲವೆಂದು ಅಚ್ಚ ತುಳುವಿನಲ್ಲಿ ಕಣ್ಣೊರೆಸಿಕೊಂಡು ಮಾತಾಡಿದರು. ಮುಂದಿನ ಸಾಲಿನಲ್ಲಿ ಕುಳಿತ ಅವರ ಮೊಮ್ಮಗನಿಗೆ ನನ್ನ ಮಗಳು ಅದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು.